ಬೋಲ್ಟಿಗೆ ಹಚ್ಚಿದ ಕುಂಕುಮ

ಡೆನಿಸ್ ಕಣ್ಣು ಮುಚ್ಚಿಕೊಂಡು ರೈಫಲ್ಲಿನ ಚಿಲಕದಂಥ ಬೋಲ್ಟನ್ನು ಹಿಂದಕ್ಕೆಳೆದ, ಮುಂದಕ್ಕೆ ತಳ್ಳಿದ, ಹಿಡಿಯನ್ನು ಕೆಳಕ್ಕೆ ತಿರುಗಿಸಿದ. ಸಂಗೀತ ಕಚೇರಿಯ ಮುಂದಿನ ಸಾಲಿನಲ್ಲಿ ಕೂತವರ ಹಾಗೆ ತಲೆದೂಗಿದ. ಪಕ್ಕದಲ್ಲಿದ್ದ ಇಳಾ ಕೂಡ ತಲೆದೂಗಿದಳು. ಮೂರು ಹೆಜ್ಜೆ ಹಿಂದೆ, ಜಾಕೆಟ್ಟಿನ ಜೇಬಿಗೆ ಕೈ ತುರುಕಿಕೊಂಡು ನಿಂತಿದ್ದ ಪದ್ಮನಾಭನಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ತನ್ನ ಮಗಳಿಗೆ ತಲೆದೂಗುವುದನ್ನೂ ಈ ಮುದುಕನೇ ಕಲಿಸಿಬಿಟ್ಟಿದ್ದಾನೆ.

ಡೆಟ್ರಾಯಿಟ್ ಹತ್ತಿರದ ವಿಕ್ಸಮ್ ಊರಿನ ಆ ಬಂದೂಕಿನ ಅಂಗಡಿಯಲ್ಲಿ ಶನಿವಾರ ಕಾಲಿಡಲು ಜಾಗವಿರಲಿಲ್ಲ. ಜಿಂಕೆ ಬೇಟೆ ಶುರುವಾಗಲು ವಾರವಿತ್ತು. ಕಿತ್ತಳೆ ಬಣ್ಣದ ಟೋಪಿಯವರು ಕೌಂಟರಿಗೆ ಮುತ್ತಿಕೊಂಡಿದ್ದರು. ಇಳಾಗೆ ಜಿಂಕೆಯ ಗೊಡವೆ ಇಲ್ಲ. ಆರುನೂರು ಗಜ ದೂರದ ಕಾಗದಕ್ಕೆ ಗುರಿಯಿಟ್ಟು ಹೊಡೆಯುವುದು ಅವಳ ಸ್ಪರ್ಧೆ. ಅದಕ್ಕೆ ತನ್ನ ಕೈಗೆ ಹೊಂದುವ ರೈಫಲ್ ಒಂದನ್ನು ಕಟ್ಟಿಸಬೇಕಿತ್ತು. ಹಳೆಯದೊಂದನ್ನು ಕೊಂಡು, ನಳಿಗೆ ಕಳಚಿ, ಮರ ಕಳಚಿ, ನಡುವಿನ ಉಕ್ಕಿನ ಮೈಯನ್ನೂ ಅದರೊಳಗೆ ಓಡಾಡುವ ಬೋಲ್ಟನ್ನೂ ಮಾತ್ರ ಉಳಿಸಿಕೊಂಡು ಮಿಕ್ಕಿದ್ದೆಲ್ಲ ಹೊಸದಾಗಿ ಸೇರಿಸುವುದು. ತಳಪಾಯ ನೆಟ್ಟಗಿದ್ದರೆ ಮನೆ ನೆಟ್ಟಗೆ. ಆ ತಳಪಾಯ ಆರಿಸಿಕೊಡಲು ಡೆನಿಸ್ ಬಂದಿದ್ದ. ಅಪ್ಪನನ್ನು ಯಾರೂ ಕರೆದಿರಲಿಲ್ಲ. ಮಗಳು ಏನು ಮಾಡ್ತಾಳೆ ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ ಎಂದು ಹೆಂಡತಿ ಶಾರದ ಬೆಳಿಗ್ಗೆ ನೋವಿ ಊರಿನ ದೇವಸ್ಥಾನದಿಂದ ಬಂದವಳೇ ಗಂಡನನ್ನು ಮಗಳ ಕಾರಿನಲ್ಲೇ ಹೊರಡಿಸಿದ್ದಳು.

ಕರೆಯದಿದ್ದುದೇ ಅವನ ಸಂಕಟ. ಮೈಸೂರಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಆರು ವರ್ಷ, ಡೆಟ್ರಾಯಿಟ್ ಸುತ್ತಮುತ್ತ ಇಪ್ಪತ್ತೆಂಟು ವರ್ಷ ಉಕ್ಕು ಅಳೆದೇ ಅನ್ನ ತಿಂದವನು ಅವನು. ಕೂದಲೆಳೆಯ ಇಪ್ಪತ್ತರಲ್ಲಿ ಒಂದು ಪಾಲು ಹೆಚ್ಚುಕಮ್ಮಿಯಾದರೂ ಹಿಡಿಯುತ್ತಿದ್ದ. ಇಳಾ ಎಂಟು ವರ್ಷದವಳಿದ್ದಾಗ ಭಾನುವಾರ ಗ್ಯಾರೇಜಿನಲ್ಲಿ ಅವನ ಮೈಕ್ರೋಮೀಟರ್ ಹಿಡಿದು ಪೆನ್ಸಿಲ್, ಅಮ್ಮನ ಬಳೆ, ಚಕ್ಕುಲಿ, ಸಿಕ್ಕಿದ್ದೆಲ್ಲವನ್ನೂ ಅಳೆದು ಬರೆದಿಡುತ್ತಿದ್ದಳು. ಎರಡು ವರ್ಷದ ಹಿಂದೆ ಅದೇ ಹುಡುಗಿ ರೈಫಲ್ ಕ್ಲಬ್ ಸೇರಿದೆ ಎಂದಾಗ ಅವನು ಹಾರಾಡಿದ್ದ. ನಮ್ಮ ಮನೆಯಲ್ಲಿ ಈಳಿಗೆಮಣೆ ಬಿಟ್ಟರೆ ಇನ್ನೊಂದು ಆಯುಧವಿಲ್ಲ, ಇರುವುದೂ ಇಲ್ಲ ಎಂದಿದ್ದ. ಇಳಾ ಜಗಳವಾಡಲಿಲ್ಲ. ಸುಮ್ಮನೆ ಅಪ್ಪನ ಹತ್ತಿರ ಆ ಮಾತು ಎತ್ತುವುದನ್ನೇ ಬಿಟ್ಟಳು. ಕ್ಲಬ್ಬಿನ ಡೆನಿಸ್, ಎಪ್ಪತ್ತೊಂದರ ನಿವೃತ್ತ ಟೂಲ್‌ಮೇಕರ್, ಆ ಜಾಗಕ್ಕೆ ಬಂದು ಕೂತ. ಈಗ ಮನೆಗೆ ಊಟಕ್ಕೆ ಬಂದು ಕೂತರೆ ಅಮ್ಮನ ಮುಂದೆ ಸಾರಿಗಿಂತ ಮೊದಲು ‘ಡೆನಿಸ್ ಹೇಳ್ತಾರೆ’ ಬರುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು.

ಮೇಜಿನ ಮೇಲೆ ಎರಡು ರೈಫಲ್ಲುಗಳಿದ್ದವು. ಡೆನಿಸ್ ಮೆಚ್ಚಿದ್ದು ಹೊಳೆಯುವ ವಾಲ್ನಟ್ ಮರದ್ದು. ಬೋಲ್ಟು ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರುತ್ತಿತ್ತು. ಇನ್ನೊಂದರ ಮರಕ್ಕೆ ಯಾರೋ ಪುಣ್ಯಾತ್ಮ ಹಸಿರು ಬಣ್ಣ ಬಳಿದಿದ್ದ, ಬೋಲ್ಟು ಕರಕರ ಎನ್ನುತ್ತಿತ್ತು. ಇದೇ ಇರಲಿ ಎಂದು ಡೆನಿಸ್ ವಾಲ್ನಟ್ಟಿನದನ್ನು ತಟ್ಟಿದ. ಕಾಗದಪತ್ರ ವಿಚಾರಿಸಿ ಬರುತ್ತೇವೆ, ಎರಡರ ಮೇಲೂ ಕಣ್ಣಿಟ್ಟಿರಿ ಎಂದು ಪದ್ಮನಾಭನಿಗೆ ಹೇಳಿ, ಇಳಾಳ ಜೊತೆ ಕೌಂಟರಿನ ಕಡೆ ಹೋದ. ಕಾವಲುಗಾರನ ಕೆಲಸ.

ಕಾವಲುಗಾರ ಸುಮ್ಮನಿರಲಿಲ್ಲ. ಬೋಲ್ಟಿನ ತುದಿಯಲ್ಲಿ ಕಿವಿಗಳ ಹಾಗೆ ಚಾಚಿದ ಎರಡು ಗಟ್ಟಿ ಉಬ್ಬುಗಳಿರುತ್ತವೆ. ಹಿಡಿ ತಿರುಗಿಸಿದಾಗ ಅವು ಒಳಗಿನ ಗೂಡಿನಲ್ಲಿ ಚಿಲಕದಂತೆ ಕೂರುತ್ತವೆ. ಎರಡೂ ಸಮನಾಗಿ ಒತ್ತಿ ಕೂರಬೇಕು. ಕೂರುತ್ತವೋ ಇಲ್ಲವೋ ಎಂದು ಕಣ್ಣಿಗೆ ಕಾಣದು, ಕಿವಿಗೂ ಕೇಳದು, ಬಣ್ಣ ಹಚ್ಚಿಯೇ ನೋಡಬೇಕು, ತಾಗಿದ ಕಡೆ ಅದು ಉಜ್ಜಿಹೋಗುತ್ತದೆ. ಮೈಸೂರಿನಲ್ಲಿ ಗುರುತು ಹಾಕುವ ನೀಲಿ ಬಣ್ಣ ಮುಗಿದಾಗ ಫೋರ್‌ಮನ್ ರಾಘವೇಂದ್ರಪ್ಪನವರು ಲೇತ್ ಯಂತ್ರದ ಮೇಲಿದ್ದ ದೇವರ ಪಟದ ಕುಂಕುಮವನ್ನೇ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು. ಶಾರದ ಬೆಳಿಗ್ಗೆ ಕೊಟ್ಟ ಕುಂಕುಮದ ಪೊಟ್ಟಣ ಪದ್ಮನಾಭನ ಪ್ಯಾಂಟಿನ ಜೇಬಿನಲ್ಲಿತ್ತು. ಬೋಲ್ಟಿನ ಮೇಲೆ ಎಣ್ಣೆಯ ಜಿಡ್ಡಿತ್ತು.

ಅವನು ವಾಲ್ನಟ್ಟಿನ ಬೋಲ್ಟು ಹೊರತೆಗೆದು, ಕಿವಿಗಳ ಹಿಂಬದಿಗೆ ಬೆರಳಿನಿಂದ ಕುಂಕುಮ ತೆಳ್ಳಗೆ ಸವರಿ, ಮತ್ತೆ ಹಾಕಿ, ಹಿಂದಕ್ಕೆ ಬಿಗಿಯಾಗಿ ಎಳೆದುಕೊಂಡೇ ಹಿಡಿಯನ್ನು ನಾಲ್ಕು ಸಲ ಆಡಿಸಿದ. ತೆಗೆದು ನೋಡಿದ. ಒಂದು ಕಿವಿಯ ಕೆಂಪು ಉಜ್ಜಿಹೋಗಿತ್ತು. ಇನ್ನೊಂದರಲ್ಲಿ ಹಚ್ಚಿದ್ದು ಹಚ್ಚಿದ ಹಾಗೆಯೇ ಇತ್ತು. ಹಸಿರು ಬಣ್ಣದ ಕುರೂಪಿಗೂ ಹಾಗೆಯೇ ಹಚ್ಚಿ ನೋಡಿದ. ಎರಡು ಕಿವಿಯಲ್ಲೂ ಕೆಂಪು ಸಮನಾಗಿ ಅಳಿಸಿತ್ತು.

ಅಂದರೆ ಡೆನಿಸ್ ಆರಿಸಿದ್ದು ಒಂಟಿ ಕಿವಿಯ ಮೇಲೆ ನಿಂತ ಬೋಲ್ಟು. ಪ್ರಾಣಾಪಾಯದ ಮಾತಲ್ಲ, ಆದರೆ ಗುಂಡು ಒಂದು ಇಲ್ಲಿ, ಇನ್ನೊಂದು ಅಲ್ಲಿ ಬೀಳುತ್ತದೆ. ಪದ್ಮನಾಭನ ಎದೆ ಹಗುರಾಯಿತು, ಎಷ್ಟೋ ತಿಂಗಳ ಮೇಲೆ. ಕೂಗಿ ಕರೆಯಲು ಬಾಯಿ ತೆರೆದ. ಕೌಂಟರಿನ ಹತ್ತಿರ ಡೆನಿಸ್ ಏನೋ ಹೇಳಿದ, ಇಳಾ ತಲೆ ಹಿಂದಕ್ಕೆ ಹಾಕಿ ನಕ್ಕಳು. ಆ ನಗೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಕಾಲದಲ್ಲಿ ಗ್ಯಾರೇಜಿನಲ್ಲಿ ಕೇಳುತ್ತಿದ್ದ ನಗೆ ಅದು.

ಅವನು ಬಾಯಿ ಮುಚ್ಚಿದ. ಕೊಳ್ಳಲಿ, ಎಂದುಕೊಂಡ. ನಳಿಗೆ ಹಾಕಿಸಲಿ, ಮರ ಹಾಕಿಸಲಿ, ಸ್ಪರ್ಧೆಗೆ ಹೋಗಲಿ. ಗುಂಡು ಚೆದುರಿದಾಗ ಗುರುವಿನ ಮಹಿಮೆ ತಾನಾಗಿ ತಿಳಿಯುತ್ತದೆ. ಆಗ ಗ್ಯಾರೇಜಿಗೇ ಬರಬೇಕು. ಕರವಸ್ತ್ರದಿಂದ ಎರಡೂ ಬೋಲ್ಟುಗಳನ್ನು ಒರೆಸಿ, ಹಾಕಿ, ಇದ್ದ ಹಾಗೆ ಇಟ್ಟ. ತನ್ನ ಬಗ್ಗೆ ಅವನಿಗೆ ಸ್ವಲ್ಪ ಅಸಹ್ಯವಾಯಿತು, ಆದರೆ ಸ್ವಲ್ಪವೇ.

ಇಳಾ ಫಾರ್ಮ್ ಹಿಡಿದು ಮೇಜಿಗೆ ಬಂದಳು. ಅಂಗಡಿಯ ಪೆನ್ನು ಬರೆಯುತ್ತಿರಲಿಲ್ಲ. ತಲೆ ಎತ್ತದೆ ಅಪ್ಪನ ಕಡೆ ಕೈ ಚಾಚಿದಳು.

"ಅಪ್ಪಾ, ಪೆನ್."

ಅವನು ಅಂಗಿಯ ಜೇಬಿನಿಂದ ತೆಗೆದು ಕೊಟ್ಟ. ಅವಳು ಬರೆದಳು: ಹೆಸರು, ವಿಳಾಸ, ಹುಟ್ಟಿದ ಊರು. ಪುಟ ತಿರುಗಿಸಿ ಇನ್ನೂ ಬರೆದಳು. ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷವೂ ಅವನು ಪಕ್ಕದಲ್ಲೇ ನಿಂತಿದ್ದ. ಮುಗಿಸಿ ಪೆನ್ನು ವಾಪಸು ಕೊಟ್ಟಳು.

ನಳಿಗೆಯೊಳಗೆ ಕೊನೆಯ ಸಲ ಇಣುಕಲೆಂದು ಡೆನಿಸ್ ವಾಲ್ನಟ್ಟಿನ ಬೋಲ್ಟು ಹೊರಗೆಳೆದ. ಕೈ ಅಲ್ಲೇ ನಿಂತಿತು. ಕನ್ನಡಕ ಹುಡುಕಿ ಹಾಕಿಕೊಂಡು, ಬೋಲ್ಟಿನ ತುದಿಯನ್ನು ಬೆಳಕಿಗೆ ಹಿಡಿದ. ಸಂದಿಯಲ್ಲಿ ಒರೆಸಲು ಸಿಗದೆ ಉಳಿದಿತ್ತು ಕುಂಕುಮ, ಒಂದು ಕಿವಿಯ ಬುಡದಲ್ಲಿ ಮಾತ್ರ, ದಟ್ಟವಾಗಿ. ಆ ಕಸುಬಿನವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಮೆಲ್ಲಗೆ ಪದ್ಮನಾಭನತ್ತ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಪದ್ಮನಾಭ ಕುಂಕುಮ ಮೆತ್ತಿದ ಬಲಗೈಯನ್ನು ಜಾಕೆಟ್ಟಿನ ಜೇಬಿಗಿಳಿಸಿದ.

ಈಗ ಹೇಳುತ್ತಾನೆ, ಮಗಳ ಮುಂದೆ ಮಾನ ಕಳೆಯುತ್ತಾನೆ ಎಂದು ಕಾಯುತ್ತಿದ್ದವನಿಗೆ ಕೇಳಿಸಿದ್ದು ಬೇರೆ. ನಾನು ಸದ್ದು ಕೇಳಿ ಆರಿಸಿದೆ, ನಿನ್ನ ಅಪ್ಪ ಅಳೆದು ನೋಡಿದ್ದಾರೆ, ಎಂದ ಡೆನಿಸ್ ಇಳಾಗೆ. ಇದು ಒಂದೇ ಕಡೆ ತಾಗುತ್ತಿದೆ, ನನ್ನ ಕಣ್ಣು ಮೊದಲಿನಂತಿಲ್ಲ, ಈ ತಪ್ಪು ನನಗೆ ಸಿಗುತ್ತಿರಲಿಲ್ಲ. ಎಲ್ಲರ ಮುಂದೆ ನನ್ನನ್ನು ತಿದ್ದಬಾರದೆಂದು ಸುಮ್ಮನಿದ್ದಾರೆ ಪಾಪ, ಎಂದೂ ಸೇರಿಸಿದ. ಹಾಳಾದವನು ಒಳ್ಳೆಯವನೂ ಆಗಿದ್ದ. ಪದ್ಮನಾಭನಿಗೆ ಅದಕ್ಕಿಂತ ದೊಡ್ಡ ಹೊಟ್ಟೆಯುರಿ ಬೇರೆ ಬೇಕಿರಲಿಲ್ಲ.

ಇಳಾ ಬೋಲ್ಟು ನೋಡಿದಳು, ಅಪ್ಪನನ್ನು ನೋಡಿದಳು. ಕಣ್ಣು ಅರಳಿತು.

"ಕುಂಕುಮಾನಾ ಅಪ್ಪಾ? ಸೀರಿಯಸ್ಲಿ? ಯಾವಾಗ ನೋಡ್ದೆ?"

"ಈಗಷ್ಟೇ," ಎಂದ ಪದ್ಮನಾಭ.

ಅಂಗಡಿಯವನು ಗೊಣಗುತ್ತ ಹಸಿರು ಬಣ್ಣದ್ದಕ್ಕೆ ಮತ್ತೆ ಕಾಗದ ಮಾಡಿಕೊಟ್ಟ. ಮಂಡಿನೋವಿನ ಡೆನಿಸ್ ಬರುವಾಗ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದ. ಈಗ ತಾನೇ ಹಿಂದಿನ ಬಾಗಿಲು ತೆಗೆದು, ಉದ್ದ ಕಾಲು ಮಡಚಿಕೊಂಡು ಕೂತ. ಮುಂದಿನ ಸೀಟು ಖಾಲಿ ಉಳಿಯಿತು. ಪದ್ಮನಾಭ ಕೂತ.

ಇಳಾ ಡ್ರೈವ್ ಮಾಡುತ್ತ ಒಂದೇ ಸಮನೆ ಮಾತಾಡಿದಳು. ಉಳಿದ ಅಳತೆಯೆಲ್ಲ ಅಪ್ಪನೇ ತೆಗೆಯಬೇಕು, ಗ್ಯಾರೇಜಿನಲ್ಲಿ ಹಳೇ ಮೈಕ್ರೋಮೀಟರ್ ಇದೆಯಾ, ಭಾನುವಾರ ಎಷ್ಟು ಹೊತ್ತಿಗೆ ಬರಲಿ. ಎರಡು ವರ್ಷ ಕಾದಿದ್ದ ಮಾತುಗಳು. ಪದ್ಮನಾಭ ಹೂಂ ಎಂದ. ಹತ್ತು ಗಂಟೆ ಎಂದ.

ಬೆಕ್ ರಸ್ತೆಯ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಇಳಾ ಮುಖದ ಮೇಲೆ ಬಿದ್ದ ಕೂದಲು ಸರಿಸಲು ಕೈ ಎತ್ತಿದವಳು ತನ್ನ ಬೆರಳು ನೋಡಿಕೊಂಡಳು. ಹೆಬ್ಬೆರಳು, ತೋರುಬೆರಳು, ಎರಡರ ತುದಿಯೂ ಕೆಂಪಗಿತ್ತು. ಬೋಲ್ಟನ್ನು ಅವಳು ಮುಟ್ಟಿರಲಿಲ್ಲ. ಅವಳ ಕಣ್ಣು ಅಪ್ಪನ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ಪೆನ್ನಿತ್ತು. ಬಿಳಿಯ ಪೆನ್ನು, ಹಿಡಿಯುವ ಜಾಗದಲ್ಲಿ ಕೆಂಪು.

ಹಿಂದಿನ ಸೀಟಿನಲ್ಲಿ ಡೆನಿಸ್ ಕಿಟಕಿಯಾಚೆ ನೋಡುತ್ತಿದ್ದ.

"ಪೆನ್ ಕೊಡೋಕೆ ಮುಂಚೆನೇ ನೋಡಿದ್ದೆ ಕಣಮ್ಮಾ, ಬೇಕಂತ್ಲೇ ಹೇಳ್ಲಿಲ್ಲ," ಎಂದ ಪದ್ಮನಾಭ.

ಸಿಗ್ನಲ್ ಹಸಿರಾಯಿತು. ಇಳಾ ಕೈ ಒರೆಸಿಕೊಳ್ಳದೆ ಸ್ಟಿಯರಿಂಗ್ ಹಿಡಿದು, ಅಪ್ಪನ ಮನೆಯ ಕಡೆ ತಿರುಗಿಸಿದಳು. ಸ್ಟಿಯರಿಂಗಿನ ಬೂದು ಬಣ್ಣದ ಚರ್ಮದ ಹೊದಿಕೆಯ ಮೇಲೆ ಎರಡು ಬೆರಳಿನ ಗುರುತು ಬಿತ್ತು, ಒಂದು ದಟ್ಟವಾಗಿ, ಒಂದು ತೆಳ್ಳಗೆ.