ಒಂದೀಟು ಏಳ್ರಿ

ಮಹಮ್ಮದಹನೀಫ ಮಿಸ್ತ್ರಿಯನ್ನು ನಾನು ಮೊದಲ ಸಲ ಕಂಡಾಗ ಅವರು ನನ್ನ ಕಾಲ ಬುಡದಲ್ಲಿದ್ದರು. ಇಂಡಿ ಪಟ್ಟಣದ ಒಂದು ಸಭಾಭವನದಲ್ಲಿ ಅಂದು ನನ್ನ ಹಾಸ್ಯೋಪನ್ಯಾಸ. ಸಭಿಕರು ಶೋಕಸಭೆಗೆ ಬಂದವರಂತೆ ಗಂಭೀರವಾಗಿ ಕುಳಿತಿದ್ದರು. ಮಾತು ಮುಗಿಸಿ ವೇದಿಕೆಯ ಕುರ್ಚಿಗೆ ಮರಳಿದ್ದೆನಷ್ಟೆ, ಕಂದುಬಣ್ಣದ ಹಳೆಯ ಕೋಟು ತೊಟ್ಟ ಎತ್ತರದ ವ್ಯಕ್ತಿಯೊಬ್ಬರು ಸಭೆಯ ನಡುವಿನಿಂದೆದ್ದು, ಮೆಟ್ಟಿಲೇರಿ ಬಂದು, ಎಲ್ಲರೂ ನೋಡುತ್ತಿರುವಂತೆಯೇ ನನ್ನ ಪಾದಗಳ ಬಳಿ ಮಂಡಿಯೂರಿದರು. ಒಬ್ಬರ ಹೃದಯವನ್ನಾದರೂ ಮುಟ್ಟಿದೆನಲ್ಲ ಎಂದು ಉಬ್ಬಿಹೋದೆ. ಅವರ ತಲೆಯ ಮೇಲೆ ಕೈಯಿಟ್ಟು, "ಇರ್ಲಿ ಏಳ್ರಿ, ವಯಸ್ಸಿನಾಗ ದೊಡ್ಡವ್ರು ನೀವು" ಎಂದೆ. ಅವರು ಕತ್ತೆತ್ತದೆ, "ನೀವ ಒಂದೀಟು ಏಳ್ರಿ" ಎಂದರು. ಎದ್ದೆ. ಅಲುಗುತ್ತಿದ್ದ ನನ್ನ ಕುರ್ಚಿಯ ಒಂದು ಕಾಲಿನಡಿಗೆ ಕಟ್ಟಿಗೆಯ ಚಕ್ಕೆಯೊಂದನ್ನು ಸರಿಸಿ, ಕುರ್ಚಿಯನ್ನು ಎರಡೂ ಕೈಯಿಂದ ಅಲುಗಿಸಿ ನೋಡಿ, ಮಂಡಿಯ ಧೂಳು ಕೊಡವಿಕೊಂಡು ಬಂದ ದಾರಿಯಲ್ಲೇ ಇಳಿದು ಹೋದರು. ಆಶೀರ್ವಾದದ ಕೈ ಗಾಳಿಯಲ್ಲಿ ಉಳಿಯಿತು. ಸಭೆ ಆಗಲೂ ನಗಲಿಲ್ಲ.

ಆ ಕೋಟನ್ನು ಅವರು ಬೇಸಿಗೆಯ ಉರಿಯಲ್ಲೂ ಕಳಚಿದವರಲ್ಲ. ಅದರ ಜೇಬುಗಳ ತುಂಬ ಸಾಗವಾನಿ, ಬೇವು, ಜಾಲಿಯ ಚಕ್ಕೆಗಳು; ನಡೆದರೆ ಪಗಡೆಗೆ ಕುಳಿತವರು ಕವಡೆ ಕುಲುಕಿದ ಸದ್ದು. ದೃಷ್ಟಿ ಸದಾ ಮನುಷ್ಯರ ಮೊಣಕಾಲಿನಿಂದ ಕೆಳಗೆ. ಎದುರಿಗಿರುವವನು ಬಂಧುವೋ ಸಾಹೇಬನೋ ಎಂಬುದು ಅವರಿಗೆ ಆಮೇಲಿನ ಮಾತು; ಮೊದಲು ಅವನ ಆಸನದ ನಾಲ್ಕು ಕಾಲುಗಳ ಕುಶಲ ವಿಚಾರಣೆಯಾಗಬೇಕು. ತಂಗಿಯ ಮಗಳ ನಿಶ್ಚಿತಾರ್ಥದಲ್ಲಿ, ಮಾತುಕತೆ ಇನ್ನೇನು ಹಣ್ಣಾಗಬೇಕೆನ್ನುವಾಗ ಬೀಗರ ಕಡೆಯ ಹಿರಿಯರನ್ನು ಎಬ್ಬಿಸಿದರಂತೆ. ಅವರು ಸಿಟ್ಟಾಗಿ ಹೊರಟೇಬಿಟ್ಟಿದ್ದರಂತೆ. ಇದಿಷ್ಟೂ ವಿನಯದಿಂದ ನಡೆಯುತ್ತದೆಂದು ಯಾರೂ ಭಾವಿಸಬೇಕಾಗಿಲ್ಲ. ತಾವು ಒಂದು ವಾರ ಜ್ವರ ಬಂದು ಮಲಗಿದರೆ ಇಂಡಿ ತಾಲೂಕು ಒಂದು ಮಗ್ಗುಲಿಗೆ ವಾಲುತ್ತದೆಂದು ಮಿಸ್ತ್ರಿ ಮನಸಾರೆ ನಂಬಿದ್ದಾರೆ.

ಹೀಗಿರುವಾಗ ಕಳೆದ ಮಾಘಮಾಸದಲ್ಲಿ ಅವರ ಹೆಂಡತಿ ಅಬಿದಾ ನಮ್ಮ ಮನೆಗೆ ಬಂದರು. ಮಿಸ್ತ್ರಿ ಮಾಡಿದ ಕುರ್ಚಿಗಳಿಗೆ ಬೆತ್ತ ಹೆಣೆಯುವವರು ಅವರೇ. ಮುದ್ದೇಬಿಹಾಳದ ಹಣಮಂತ್ರಾಯರ ಅಂಗಡಿಯೇ ಅವರ ಮನೆಯ ಆಧಾರ; ಅಲ್ಲಿನ ಗಾಜಿನ ಮುಂಭಾಗದಲ್ಲಿ ಮಿಸ್ತ್ರಿಯ ಊಟದ ಮೇಜು, ಕುರ್ಚಿಗಳು ಕಂಡರೆ ಲಗ್ನದ ಕಾಲವಿಡೀ ಕೈತುಂಬ ಕೆಲಸ. ಈಗ ಅದೇ ಜಾಗಕ್ಕೆ ಯಾವುದೋ ಕಾರ್ಖಾನೆಯ ಸೋಫಾಗಳು ಕಣ್ಣು ಹಾಕಿದ್ದವು. ಸಂಕೋಚದ ಮನುಷ್ಯ ಹಣಮಂತ್ರಾಯರು ಫೋನಿನಲ್ಲಿ ಹೇಳಿದ್ದರಂತೆ: ನಿಮ್ಮ ಮಾಲು ಮೊದಲು ಬಂದು ಕೂತರೆ ಅದನ್ನು ಎಬ್ಬಿಸಲು ನನಗೆ ಮನಸ್ಸಾಗುವುದಿಲ್ಲ, ಅವರದು ಮೊದಲು ಬಂದರೆ ನನ್ನನ್ನು ಬೈಯಬೇಡಿ. ಮಿಸ್ತ್ರಿ ದಾರಿಯಲ್ಲಿ ಇಳಿಯದಿದ್ದರೆ ಸಾಕು, ಉಳಿದದ್ದು ಅಲ್ಲಾ ನೋಡಿಕೊಳ್ಳುತ್ತಾನೆ ಎಂಬುದು ಅಬಿದಾರ ಲೆಕ್ಕ.

"ನೀವು ಅವ್ರ ಜೋಡಿ ಹೋಗ್ರಿ ಸರ. ನಿಮ್ಮಂಥ ದೊಡ್ಡವರ ಮಾತಂದ್ರ ಮೀರಂಗಿಲ್ಲ ಅವ್ರು."

ಈ ಎರಡನೆಯ ವಾಕ್ಯಕ್ಕೆ ನಾನು ಬಿದ್ದೆ. ಮರುದಿನ ಬೆಳಗ್ಗೆ, ಮಾಲು ಹೇರಿಕೊಂಡ ಡ್ರೈವರ್ ಸೋಮನಿಂಗನ ಸಣ್ಣ ಟೆಂಪೋದಲ್ಲಿ, ಅವನಿಗೂ ಮಿಸ್ತ್ರಿಗೂ ನಡುವೆ, ಗೇರು ಹಾಕಿದಾಗಲೆಲ್ಲ ಮೊಣಕಾಲಿಗೆ ಪೆಟ್ಟು ತಿನ್ನುತ್ತ, ಕಾವಲುಗಾರನಾಗಿ ಹೊರಟೆ. ಹೊರಡುವ ಮುನ್ನ ಮಿಸ್ತ್ರಿ ಎದೆಯ ಜೇಬಿನಿಂದ ನುಣ್ಣಗೆ ಹೊಳಪು ಕೊಟ್ಟ ಸಾಗವಾನಿಯ ಚಕ್ಕೆಯೊಂದನ್ನು ತೆಗೆದು ತೋರಿಸಿದರು. ಹಣಮಂತ್ರಾಯರ ಗಾಜಿನ ಹಿಂದೆ ನೆಲ ಒಂದು ಕಡೆ ತಗ್ಗಂತೆ. ಮೇಜಿನ ಕಾಲಿಗೆಂದೇ ಅಳತೆ ನೋಡಿ ಕೆತ್ತಿದ್ದಂತೆ.

ಸಿಂದಗಿಯಲ್ಲಿ ಒಂದು ಮಂಚ ಇಳಿಸಬೇಕಿತ್ತು. ಇಳಿಸಿದೆವು. ಅಂಗಡಿಯವನ ಗಲ್ಲಾಪೆಟ್ಟಿಗೆಯ ಮೇಜು ಅಲುಗುತ್ತಿತ್ತು. ದಾರಿಯಲ್ಲಿ ಇಳಿಯುವುದಿಲ್ಲವೆಂದು ಅಬಿದಾಗೆ ಆಣೆ ಮಾಡಿದ್ದೇನೆಯೇ ಹೊರತು ಅಂಗಡಿಯೊಳಗೆ ಬಗ್ಗುವುದಿಲ್ಲವೆಂದಲ್ಲ ಎಂದು ವಾದಿಸಿ ಮಿಸ್ತ್ರಿ ಬಗ್ಗಿಯೇಬಿಟ್ಟರು. ದೇವರ ಹಿಪ್ಪರಗಿಯಲ್ಲಿ ಸಂತೆ. ಟೆಂಪೋ ಉಳ್ಳಾಗಡ್ಡಿ ಚೀಲಗಳ ನಡುವೆ ಸಿಕ್ಕಿಕೊಂಡಾಗ ಅವರ ಕಣ್ಣು ಸಾವಿತ್ರವ್ವನ ಚಹಾದಂಗಡಿಯ ಬೆಂಚಿನ ಮೇಲೆ ಬಿತ್ತು. ಕೂತವರು ತೊಟ್ಟಿಲಲ್ಲಿದ್ದಂತೆ ತೂಗುತ್ತಿದ್ದರು. ನಾನು ವೇದಿಕೆಯ ಧ್ವನಿಯಲ್ಲಿ "ಮಿಸ್ತ್ರಿ" ಎಂದೆ. ಬಾಗಿಲು ಆಗಲೇ ತೆರೆದಿತ್ತು.

ಕೂತವರನ್ನೆಲ್ಲ ಎಬ್ಬಿಸಿ ಬೆಂಚಿನಡಿ ನುಸುಳಿದ ಅವರನ್ನು ಸಾವಿತ್ರವ್ವ ಚಹಾ ಸೋಸುವ ಬಟ್ಟೆ ಹಿಡಿದುಕೊಂಡೇ ತರಾಟೆಗೆ ತೆಗೆದುಕೊಂಡಳು.

"ಅಲಗಾಡ್ಲಿ ಬಿಡೊ ಯಪ್ಪಾ. ಅಲಗಾಡಿದ್ರನ ಮಂದಿ ಚಾ ಕುಡದು ಲಗೂನ ಎದ್ದು ಹೊಕ್ಕಾರ. ಗಟ್ಟಿ ಮಾಡಿದ್ರ ಸಂಜಿತನಕ ಇಲ್ಲೇ ಬೀಡು ಬಿಡ್ತಾರ."

ಇದು ಅರ್ಥಶಾಸ್ತ್ರದ ಮಾತು, ಮಿಸ್ತ್ರಿಗೆ ತಾಗಲಿಲ್ಲ. ನಾವು ಹೊರಟಾಗ ಗಿರಾಕಿಗಳು ಪರ್ವತದಂತೆ ಸ್ಥಿರವಾಗಿ ನೆಲೆಸಿ ಬೀಡಿ ಹಚ್ಚಿದ್ದರು. ಸಾವಿತ್ರವ್ವನ ಶಾಪ ಸಂತೆಯ ಗದ್ದಲವನ್ನು ಸೀಳಿಕೊಂಡು ಬಹುದೂರ ನಮ್ಮನ್ನು ಬೀಳ್ಕೊಟ್ಟಿತು.

ಬಸವನ ಬಾಗೇವಾಡಿಯಲ್ಲಿ ಮಾಲು ಇಳಿಸಲು ನಿಂತ ಅಂಗಡಿಯಲ್ಲಿ ಅದೃಷ್ಟವಶಾತ್ ಏನೂ ಅಲುಗುತ್ತಿರಲಿಲ್ಲ. ಮಿಸ್ತ್ರಿ ಒಂದೊಂದನ್ನೇ ಮುಟ್ಟಿ ನೋಡಿ, ಹಸಿದು ಬಂದ ಮನೆಯಲ್ಲಿ ಒಲೆ ಆರಿದ್ದನ್ನು ಕಂಡವರಂತೆ ಸಪ್ಪಗಾದರು. ಅಷ್ಟರಲ್ಲಿ ಅಬಿದಾ ಸೋಮನಿಂಗನಿಗೆ ಫೋನು ಮಾಡಿ, ನಡೆದದ್ದನ್ನೆಲ್ಲ ಅವನಿಂದ ಹೊರಡಿಸಿ, ಫೋನು ನನಗೆ ಕೊಡಿಸಿದರು.

"ಸರ, ನಿಮ್ಮನ್ನ ಕಳಿಸಿದ್ದು ಯಾಕ?"

ನಾನು ಸಾಹಿತ್ಯದಲ್ಲಿ ಇಷ್ಟು ನೇರವಾದ ವಿಮರ್ಶೆಯನ್ನು ಎದುರಿಸಿದವನಲ್ಲ. ಇನ್ನು ಮುಂದೆ ಹೀಗಾಗದೆಂದು ಮಾತು ಕೊಟ್ಟು, ಮಿಸ್ತ್ರಿಯನ್ನು ನಡುವೆ ತುರುಕಿ, ಬಾಗಿಲಿಗೆ ನಾನೇ ಅಡ್ಡ ಕೂತೆ. ಆದರೆ ಬಾಗಿಲಾಚೆಯ ಜಗತ್ತನ್ನು ನಾನು ಬಂದ್ ಮಾಡಿದೆನೇ ಹೊರತು ಟೆಂಪೋದ ಒಳಗನ್ನಲ್ಲ. ಕಡಲೆಯ ಹೊಲಗಳ ನಡುವೆ ನೆಟ್ಟಗೆ ಹೋಗುತ್ತಿದ್ದಾಗ ಮಿಸ್ತ್ರಿಯ ತಲೆ ಮೆಲ್ಲಗೆ ಬಾಗಿ ಕಿವಿಗೊಟ್ಟಿತು. ಬಲಕ್ಕೆ ತಿರುಗಿ, ಗಾಡಿ ಓಡಿಸುತ್ತಿದ್ದವನಿಗೇ ಹೇಳಿದರು:

"ಸೋಮನಿಂಗ, ಒಂದೀಟು ಏಳೋ."

"ನಾ ಎದ್ರ ಗಾಡಿ ನಿಮ್ಮಪ್ಪ ಹೊಡಿತಾನೇನು ಮಿಸ್ತ್ರಿ?"

ಚಾಲಕನ ಆಸನ ಟಕಟಕ ಎನ್ನುತ್ತಿತ್ತು. ಅದು ಹುಟ್ಟಿನಿಂದಲೂ ಹಾಗೇ ಎಂದು ಸೋಮನಿಂಗ ಹೇಳಿದ, ಬೇಡಿಕೊಂಡ, ಬೈದ. ಆದರೆ ನಡುವೆ ಕೂತ ಆರಡಿಯ ಮನುಷ್ಯ ಚಾಲಕನ ಅಡಿಗೆ ಕೈ ತೂರಿಸತೊಡಗಿದರೆ ಯಾವ ಗಾಡಿ ಓಡೀತು? ನಿಲ್ಲಿಸಬೇಕಾಯಿತು. ಮಿಸ್ತ್ರಿ ಆಸನದ ಬುಡದಲ್ಲಿ ತಲೆ ಹುಗಿದಿದ್ದಾಗಲೇ, ಪ್ಲಾಸ್ಟಿಕ್ ಹೊದ್ದ ಕೆಂಪು ಸೋಫಾಗಳನ್ನು ಹೊತ್ತ ಲಾರಿಯೊಂದು ಹಾರ್ನು ಬಾರಿಸುತ್ತ ನಮ್ಮನ್ನು ದಾಟಿ ಮುದ್ದೇಬಿಹಾಳದ ಕಡೆ ಹೋಯಿತು. ನಾನೂ ಸೋಮನಿಂಗನೂ ರಸ್ತೆಯ ಮೇಲೆ ನಿಂತು ಅದನ್ನು ನೋಡಿದೆವು.

ನಾವು ತಲುಪಿದಾಗ ಕೆಂಪು ಸೋಫಾ ಗಾಜಿನ ಹಿಂದೆ ಪಟ್ಟಕ್ಕೇರಿತ್ತು. ಹಣಮಂತ್ರಾಯರು ಮುಖ ಸಣ್ಣದು ಮಾಡಿಕೊಂಡು, ಒಂದು ಹತ್ತು ನಿಮಿಷ ಮೊದಲು ಬರಬಾರದಿತ್ತೇ ಎಂದರು. ಮೇಜೂ ಕುರ್ಚಿಗಳೂ ಉಕ್ಕಿನ ಕಪಾಟುಗಳನ್ನು ದಾಟಿ, ಹಿತ್ತಲ ಬಾಗಿಲ ಬಳಿಯ ಕತ್ತಲೆಗೆ ಹೋದವು. ಮಿಸ್ತ್ರಿ ಅಬಿದಾ ಹೆಣೆದ ಬೆತ್ತದ ಮೇಲೆ ಹೆಬ್ಬೆರಳು ಆಡಿಸುತ್ತ ಸ್ವಲ್ಪ ಹೊತ್ತು ನಿಂತರು. ಅಂದು ಮೊದಲ ಬಾರಿಗೆ ಅವರು ನೆಲ ನೋಡದೆ ಗೋಡೆ ನೋಡುತ್ತಿದ್ದರು. ನನ್ನ ಸಿಟ್ಟು ಅರ್ಧ ಇಳಿಯಿತು.

ಉಳಿದರ್ಧ ಹೊರಗೆ ಬರುವಾಗ ದುಪ್ಪಟ್ಟಾಗಿ ಏರಿತು. ಹಣಮಂತ್ರಾಯರು ಹೊಸ ಸೋಫಾದ ಮೇಲೆ ಕೂತು ನೋಡಿದರು. ಟಕ್ ಎಂದಿತು. ಮಿಸ್ತ್ರಿಯ ಕಾಲು ನಿಂತಿತು. ನಾನು ಅವರ ಕೋಟಿನ ತುದಿ ಹಿಡಿದೆ. ಸೋಮನಿಂಗ ತೋಳು ಹಿಡಿದ. ಅವರು ಪಕ್ಕದ ಜೇಬುಗಳನ್ನು ತಡಕಿದರು. ಸಿಂದಗಿ, ಹಿಪ್ಪರಗಿ ಮತ್ತು ನಮ್ಮ ಟೆಂಪೋ ಸೇರಿ ಅವನ್ನು ಬರಿದು ಮಾಡಿದ್ದವು. ಆಗ ಕೈ ಎದೆಯ ಜೇಬಿಗೆ ಹೋಯಿತು.

"ಒಂದೀಟು ಏಳ್ರಿ ಸಾವ್ಕಾರ."

ತಗ್ಗಿಗೆಂದೇ ಅಳೆದು ಕೆತ್ತಿದ ಚಕ್ಕೆ. ತನ್ನ ಜಾಗದಲ್ಲಿ ಸರಿಯಾಗಿ ಕೂತಿತು. ಸೋಫಾ ಮತ್ತೆ ಸದ್ದು ಮಾಡಲಿಲ್ಲ.

ಮರಳುವ ದಾರಿಯಲ್ಲಿ ಅಬಿದಾ ಮತ್ತೆ ಫೋನು ಮಾಡಿ, ಗಾಜಿನ ಮುಂದೆ ನಮ್ಮದು ನಿಂತಿತೇ ಎಂದು ಕೇಳಿದರು. "ನಿಂತೈತಿ ಅಬಿದಕ್ಕ," ಎಂದ ಸೋಮನಿಂಗ. "ನಮ್ಮ ಚಕ್ಕಿ ನಿಂತೈತಿ. ಅದರ ಮ್ಯಾಲ ಅವರ ಸೋಫಾ ನಿಂತೈತಿ."

ಇಂಥವರು ಊರಿಗೊಬ್ಬರು ಇರುತ್ತಾರೆ. ಕಾಯಕನಿಷ್ಠೆ ಎಂದು ನಾವು ಶಾಲು ಹೊದಿಸಿ ಹೊಗಳುವುದು ಇವರನ್ನೇ. ಆದರೆ ಅದು ನಿಷ್ಠೆಯಲ್ಲ, ತುರಿಕೆ. ತುರಿಸಿಕೊಳ್ಳುವ ಸುಖ ಅವರದು, ಅದರ ದಂಡ ಹೆಂಡತಿಯದು, ಡ್ರೈವರನದು. ಇವರನ್ನು ದೂರದಿಂದ ಗೌರವಿಸುವುದು ಸುಲಭ, ಒಂದೇ ಟೆಂಪೋದಲ್ಲಿ ಕೂತು ಕ್ಷಮಿಸುವುದು ಕಷ್ಟ. ಹಾಗೆಂದು ಇವರಿಲ್ಲದಿದ್ದರೆ ನಾವೆಲ್ಲ ಎಲ್ಲೆಲ್ಲಿ ಉರುಳುತ್ತಿದ್ದೆವೋ, ಅದನ್ನು ಎಣಿಸಿದವರಿಲ್ಲ.

ಈ ತತ್ವಜ್ಞಾನ ನನಗೆ ಹೊಳೆದದ್ದು ಆಮೇಲೆ. ಆ ಸಂಜೆ ನನಗಿದ್ದದ್ದು ಮೊಣಕಾಲಿನ ನೋವು ಮಾತ್ರ. ತಡೆಯಲಾರದೆ ಕೇಳಿಯೇಬಿಟ್ಟೆ: ಆ ಸೋಫಾವನ್ನು ಹಾಗೇ ಅಲುಗಾಡಲು ಬಿಟ್ಟಿದ್ದರೆ ಗಿರಾಕಿ ಕೂತು, ಬೆದರಿ, ಎದ್ದು, ನಿಮ್ಮ ಮೇಜಿನ ಕಡೆ ಬರುತ್ತಿರಲಿಲ್ಲವೇ? ಬಿಟ್ಟಿದ್ದರೆ ಲಾಭ ನಿಮಗೇ ಅಲ್ಲವೇ?

ಮಿಸ್ತ್ರಿ ಬರಿದಾದ ಜೇಬಿನಲ್ಲಿ ಕೈಯಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ಅವತ್ತ ನಿಮ್ಮ ಕುರ್ಚಿ ಹಂಗ ಬಿಟ್ಟಿದ್ರ ನೀವು ಬೀಳ್ತಿದ್ರಿ, ಮಂದಿ ಒಮ್ಮೆನಾದ್ರೂ ನಗತಿದ್ರು. ಬಿಟ್ನೇನ್ರಿ?"