ಬೂದೆಮ್ಮನ ಪಾಲಿನ ಎಡೆ

"ಕಾಗದ ಬೆರಳಲ್ಲಿ ನಿಲ್ಲುತ್ತಿಲ್ಲ, ಜಪಸರ ಸುತ್ತಿ" ಎಂದು ಮದರ್ ಜೆಸಿಂತಾ ಹೇಳುತ್ತಿದ್ದಾಗ ರೇಣುಕಮ್ಮ ರಾಯಚೂರಿನ ಕಾನ್ವೆಂಟಿನ ಪ್ರಾರ್ಥನಾ ಮಂದಿರದೊಳಗೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಬಂದಳು. ಶವಪೆಟ್ಟಿಗೆಯಲ್ಲಿ ಸಿಸ್ಟರ್ ಅನ್ಸೆಲ್ಮಾ ಮಲಗಿದ್ದರು. ಸನ್ಯಾಸಿನಿಯಾಗುವಾಗ ಕೈಯಾರೆ ಬರೆದ ವ್ರತದ ಕಾಗದವನ್ನು ಅವರ ಜೊತೆಗೇ ಮಣ್ಣು ಮಾಡುವುದು ಅಲ್ಲಿಯ ಪದ್ಧತಿ.

"ನೀವು ಯಾರಮ್ಮ?"

"ತಂಗಿ ಅದೀನ್ರಿ. ದೇವದುರ್ಗದಾಕಿ."

"ಸಿಸ್ಟರಿಗೆ ತಂಗಿ ಇದ್ದಾರೆಂದು ನಮಗೆ ಗೊತ್ತೇ ಇರಲಿಲ್ಲ."

"ನನಗ ಗೊತ್ತಿತ್ರಿ ಮದರ್" ಎಂದಳು ರಂಜಾನಬಿ. ಮಾನ್ವಿಯ ದವಾಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಸಿಸ್ಟರ್ ಜೊತೆ ಹೆರಿಗೆ ಮಾಡಿಸಿದವಳು. ಮೆತ್ತಗೆ ಮಾತಾಡುವುದು ಅವಳ ಜಾಯಮಾನದಲ್ಲೇ ಇಲ್ಲ. "ನಾಕು ದಿನದ ಹಿಂದ ಫೋನ್ ಮಾಡಿದ್ನಲ್ಲ, ಯಾಕ ಬರಲಿಲ್ಲ ಬೇ? ಬಾಗಲಾ ಸಪ್ಪಳಾದ್ರ ಸಾಕು, ರೇಣಿ ಬಂದ್ಳೇನ ನೋಡು ಅಂತಿದ್ರು."

ರೇಣುಕಮ್ಮ ನಾಲ್ಕು ದಿನವೂ ಬಸ್ ಸ್ಟ್ಯಾಂಡಿಗೆ ಹೋಗಿದ್ದಳು, ರಾಯಚೂರಿನ ಬಸ್ಸು ಹೊರಟ ಮೇಲೆ ಮನೆಗೆ ಮರಳಿದ್ದಳು. ಯಾವ ಮುಖ ಹೊತ್ತು ಬರಬೇಕಿತ್ತು?

*

ನಲವತ್ತಾರು ವರ್ಷದ ಹಿಂದೆ ಅಕ್ಕ ಇದೇ ಮಂದಿರದಲ್ಲಿ ಬೋರಲು ಮಲಗಿದ್ದಳು. ಆಗಿನ್ನೂ ಮನೆಯವರ ಪಾಲಿಗೆ ಅವಳು ಬೂದೆಮ್ಮ. ಓದಲೆಂದು ಸಿಸ್ಟರುಗಳ ಹಾಸ್ಟೆಲಿಗೆ ಬಿಟ್ಟ ಹುಡುಗಿ ಅವರಲ್ಲೊಬ್ಬಳಾಗಲು ಹಟ ಹಿಡಿದಿದ್ದಳು. ಜೀವಮಾನದ ವ್ರತ ತೊಡುವ ದಿನ ಅವ್ವನನ್ನೂ ತಂಗಿಯನ್ನೂ ಆಸೆಯಿಂದ ಕರೆಸಿದ್ದಳು.

ಅವಳ ಮೇಲೆ ಕರಿ ಬಟ್ಟೆ ಹೊದಿಸಿದರು. ಸಾವಿನ ಗಂಟೆ ಬಾರಿಸಿದರು. ಲೋಕದ ಪಾಲಿಗೆ ಸತ್ತು ದೇವರ ಪಾಲಿಗೆ ಹುಟ್ಟುವ ಆ ಹಳೆಯ ಪದ್ಧತಿಯನ್ನು ಎಷ್ಟೋ ಮಠಗಳು ಬಿಟ್ಟಿದ್ದರೂ ಇಲ್ಲಿ ಬಿಟ್ಟಿರಲಿಲ್ಲ. ಅವ್ವನಿಗೆ ಅದರಲ್ಲಿ ಅರ್ಧ ಮಾತ್ರ ತಿಳಿಯಿತು. ಬಟ್ಟೆ ಸರಿಸುವ ಮೊದಲೇ ರೇಣುಕಮ್ಮನ ರಟ್ಟೆ ಹಿಡಿದು ಹೊರಬಿದ್ದಳು. ಊರಿಗೆ ಬಂದು ಮಗಳ ಲಂಗ ಹೂತು ತಿಥಿ ಮಾಡಿದಳು. ಅಂದಿನಿಂದ ಪ್ರತಿ ವರ್ಷ ಮಾನವಮಿ ಅಮಾವಾಸ್ಯೆಗೆ ಸತ್ತವರ ಸಾಲಿನಲ್ಲಿ ಬೂದೆಮ್ಮನಿಗೂ ಒಂದು ಎಡೆ.

ಮುಂದೊಂದು ವರ್ಷ ಅವ್ವ ಹಾಸಿಗೆ ಹಿಡಿದ ಸುದ್ದಿ ತಿಳಿದು ಅಕ್ಕ ಓಡಿ ಬಂದಳು. ಬಾಗಿಲಿಗೆ ಅಡ್ಡ ನಿಂತವಳು ರೇಣುಕಮ್ಮ.

"ನಿನಗ ಎಡಿ ಇಡಾಕತ್ತೀವಿ. ಸತ್ತಾಕಿ ಒಳಗ ಬರಬ್ಯಾಡ."

ಅಕ್ಕ ಜಗಳ ತೆಗೆಯಲಿಲ್ಲ. "ನಾ ಬಂದಿದ್ದೆ ಅಂತಾದ್ರೂ ಅವ್ವಗ ಹೇಳು ರೇಣಿ" ಎಂದಳು.

ಮೂರನೆಯ ದಿನ ಅವ್ವ ಕಣ್ಣು ಮುಚ್ಚಿದಳು. ರೇಣುಕಮ್ಮ ಹೇಳಿರಲಿಲ್ಲ.

*

ಕಾನ್ವೆಂಟಿನ ಹಿಂದೆ ಸಿಸ್ಟರುಗಳ ಸಮಾಧಿಗಳು. ಪಾದ್ರಿಗಳ ಪ್ರಾರ್ಥನೆ ಮುಗಿದು ಪೆಟ್ಟಿಗೆ ಗುಂಡಿಗಿಳಿಯಿತು.

"ಮಾನವಮಿ ಅಮಾಸಿ ಬಂತಂದ್ರ ನಗತಿದ್ರು" ಎಂದಳು ರಂಜಾನಬಿ. "ನಮ್ಮ ರೇಣಿ ಇವತ್ತ ನನ್ನ ಪಾಲಿನ ಹೋಳಿಗಿ ಕಾಗಿಗೆ ಹಾಕಿರ್ತಾಳ ಅಂತಿದ್ರು."

"ಸಿಟ್ಟಿತ್ತೇನು ನನ್ನ ಮ್ಯಾಲ?"

"ಸಿಟ್ಟೆಲ್ಲಿದು? ನಗತಿದ್ರು. ಆದ್ರ ಆ ದಿನ ಊಟಾ ಮಾಡ್ತಿರ್ಲಿಲ್ಲ."

ಅಗೆದವರಿಬ್ಬರು ಸಲಿಕೆ ಎತ್ತಿಕೊಂಡರು. ಮಣ್ಣು ಪೆಟ್ಟಿಗೆಯ ಮೇಲೆ ದಪ್ಪೆಂದು ಬಿದ್ದಾಗ ರೇಣುಕಮ್ಮ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಕೂತಳು.

"ತಡೀರಿ ಯಪ್ಪಾ, ಅಕ್ಕಗ ಒಂದು ಮಾತು ಹೇಳೋದದ. ಯಕ್ಕಾ, ನೀ ಬಂದಿದ್ದಿ ಅಂತ ಅವ್ವಗ ಹೇಳಲೇ ಇಲ್ಲ ನಾನು. ಯಕ್ಕಾ..."

ಸಲಿಕೆಯವರು ಒಂದು ಗಳಿಗೆ ತಡೆದರು, ಮದರ್ ಮುಖ ನೋಡಿದರು, ಮತ್ತೆ ಕೆಲಸಕ್ಕೆ ಬಾಗಿದರು. ಅವರು ಸಲಿಕೆಯಿಂದ ಮಣ್ಣನ್ನು ಒಳಕ್ಕೆ ತಳ್ಳುತ್ತಿದ್ದರು. ರೇಣುಕಮ್ಮ ಎರಡೂ ಕೈಯಿಂದ ಅದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು.