ಎರಡು ಎಡಗಾಲಿನ ಬೂಟುಗಳು

ಚೀಲದಲ್ಲಿ ಎರಡು ಹಳೆಯ ಬೂಟು ಹಾಕಿಕೊಂಡು ನಾಲ್ಕನೇ ಮಹಡಿ ಹತ್ತುತ್ತಿದ್ದ, ಓಟಕ್ಕೆ ಚಿಗರೆ ಎಂದೇ ಹೆಸರಾಗಿದ್ದ ಹಳೆಯ ಆಟಗಾರನಿಗೆ ಮೆಟ್ಟಿಲು ಮೆಟ್ಟಿಲಿಗೂ ನಾಚಿಕೆ ಹೆಚ್ಚುತ್ತಿತ್ತು. ಮೇಲೆ ಇರುವಾಕೆ, ಅವನ ಫುಟ್‌ಬಾಲ್ ತಂಡದ ಬಟ್ಟೆ ಒಗೆದು, ಬೂಟು ತಿಕ್ಕಿ, ಪೆಟ್ಟಿಗೆ ಕಟ್ಟುತ್ತಿದ್ದ, ಹುಡುಗರೆಲ್ಲ ದೊಡ್ಡಮ್ಮ ಎನ್ನುತ್ತಿದ್ದ ಹೆಂಗಸು. ಆಕೆಯ ಕೆಲಸ ಕಳೆದವನು ಇವನೇ. ಹನ್ನೊಂದು ವರ್ಷವಾದ ಮೇಲೆ ಉಪಕಾರ ನೆನೆಯಲು ಹೊರಟಿದ್ದ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಆ ದಿನಗಳಲ್ಲಿ ವಾರಕ್ಕೆ ಮೂರು ಪಂದ್ಯ. ಟಿವಿಯವರು ಹೇಳಿದ ಹೊತ್ತಿಗೆ ಓಡಬೇಕು, ಜಾಹೀರಾತಿನವರು ಹೇಳಿದ ಕಡೆ ನಗಬೇಕು. ಚಿಗರೆಯ ಬಲಗಾಲಿನ ಎಲುಬು ತಿಂಗಳಿಂದ ನೋಯುತ್ತಿತ್ತು. ತಂಡದ ಡಾಕ್ಟರು ಪ್ರತಿ ಪಂದ್ಯಕ್ಕೂ ಮೊದಲು ಒಂದು ಸೂಜಿ ಚುಚ್ಚಿ ನೋವನ್ನು ಮಲಗಿಸುತ್ತಿದ್ದರು. ಫೈನಲ್ ಪೋಸ್ಟರಿನ ತುಂಬ ಇವನದೇ ಮುಖ ಇದ್ದುದರಿಂದ ಸ್ಕ್ಯಾನು ಆಮೇಲೆ ಮಾಡಿಸೋಣ ಎಂದಿದ್ದರು ಮ್ಯಾನೇಜರು. ಕಾಲು ಇವನದು, ಆತುರ ಅವರದು.

ಫೈನಲ್ ಪರವೂರಿನಲ್ಲಿ. ಅಲ್ಲಿ ಪೆಟ್ಟಿಗೆ ತೆರೆದರೆ ಇವನ ಎರಡು ಜೊತೆ ಬೂಟುಗಳ ಬದಲು ಎರಡೇ ಬೂಟು, ಎರಡೂ ಎಡಗಾಲಿನವು! ಇವನ ಅಗಲ ಪಾದಕ್ಕೆ, ಜಾಹೀರಾತಿಗೆ ಇವನನ್ನು ಹಿಡಿದಿದ್ದ ಬೂಟು ಕಂಪನಿಯವರು ಅಳತೆ ತೆಗೆದು ಮಾಡಿಸಿದ್ದು, ಅಂಗಡಿಯಲ್ಲಿ ಸಿಗುವ ಮಾಲಲ್ಲ. ಬೇರೆ ಕಂಪನಿಯ ಬೂಟು ಮೆಟ್ಟಿದರೆ, ಅದರ ಗುರುತಿಗೆ ಪಟ್ಟಿ ಅಂಟಿಸಿದರೂ ಸರಿಯೇ, ಒಪ್ಪಂದ ರದ್ದು. ಮ್ಯಾನೇಜರು ಕುಣಿದಾಡಿದರು. ಅಷ್ಟು ದೊಡ್ಡ ಪೋಸ್ಟರಿನ ಆಟಗಾರ ಚಪ್ಪಲಿ ಮೆಟ್ಟಿಕೊಂಡು ಬೆಂಚಿನ ಮೇಲೆ ಕೂತ. ಕೂತಲ್ಲೇ ಕುದಿಯುತ್ತ ದೂರು ಬರೆದ: ಕಣ್ಣು ಕಾಣದವರಿಗೆ ಈ ಕೆಲಸ ಬೇಡ. ಕಣ್ಣು ಮಂಜಾಗಿದೆ ಎಂದಷ್ಟೇ ಹೇಳಿ ದೊಡ್ಡಮ್ಮ ಕೆಲಸ ಬಿಟ್ಟರು.

ಆಟವಿಲ್ಲದ್ದರಿಂದ ಅಂದು ಸೂಜಿಯೂ ಇರಲಿಲ್ಲ. ಸಂಜೆಯ ಹೊತ್ತಿಗೆ ಕಾಲು ನೆಲಕ್ಕೆ ಊರಲಾಗದೆ ಚಿಗರೆ ತಾನೇ ಒಂದು ಆಸ್ಪತ್ರೆಗೆ ಹೋದ. ಎಲುಬು ಬಿರುಕು ಬಿಟ್ಟಿತ್ತು. ಇನ್ನೊಂದು ಪಂದ್ಯ ಓಡಿದ್ದರೆ ಎರಡು ತುಂಡಾಗುತ್ತಿತ್ತು ಎಂದರು ಅಲ್ಲಿನ ಡಾಕ್ಟರು. ಐದು ತಿಂಗಳು ಮಲಗಿ ಎದ್ದ ಮೇಲೆ ಎಂಟು ವರ್ಷ ಆಡಿದ. ಎಲ್ಲ ತನ್ನ ಅದೃಷ್ಟ ಎಂದುಕೊಂಡಿದ್ದ, ಪುಣ್ಯಾತ್ಮ.

ಹೋದ ವಾರ ತಂಡದ ಹಳೆಯ ಮಾಲೀಶಿನವನು ಸಿಕ್ಕಿ ಬಾಯಿಬಿಟ್ಟ. ದೊಡ್ಡಮ್ಮ ಇಪ್ಪತ್ತೆರಡು ವರ್ಷ ಬೂಟು ಜೋಡಿಸಿದ್ದು ಕಣ್ಣಿನಿಂದಲ್ಲ, ಕೈಯಿಂದ. ಕರೆಂಟು ಹೋದರೂ ಯಾರ ಬೂಟು ಯಾವುದೆಂದು ಹೇಳುತ್ತಿದ್ದರು. ಫೈನಲಿಗೆ ಹಿಂದಿನ ದಿನ ಈ ಹುಡುಗನನ್ನು ಆಡಿಸಬೇಡಿ ಎಂದು ಮ್ಯಾನೇಜರಿಗೆ ಹೇಳಲು ಹೋಗಿ ಬೈಸಿಕೊಂಡಿದ್ದರಂತೆ. ಅದನ್ನು ಕೇಳಿದ ಮೇಲೆ ಚಿಗರೆ ಆ ಎರಡು ಎಡಗಾಲಿನ ಬೂಟು ಹುಡುಕಿ ಚೀಲಕ್ಕೆ ಹಾಕಿದ.

ದೊಡ್ಡಮ್ಮ ಬಾಗಿಲು ತೆರೆದು, ಮೊದಲು ಅವನ ಕಾಲು ನೋಡಿ, ಆಮೇಲೆ ಮುಖ ನೋಡಿದರು. ಒಳಗೆ ಬಾಲ್ಕನಿಯಲ್ಲಿ ಎರಡು ಬಲಗಾಲಿನ ಬೂಟುಗಳಿದ್ದವು. ಒಂದರಲ್ಲಿ ಬಟ್ಟೆಯ ಕ್ಲಿಪ್ಪು, ಇನ್ನೊಂದರಲ್ಲಿ ಪುಟ್ಟ ಗಿಡ. ಚಿಗರೆ ಚೀಲದಿಂದ ಎಡಗಾಲಿನವನ್ನು ತೆಗೆದು ಪಕ್ಕದಲ್ಲಿಟ್ಟ.

"ಆ ದೂರು ಬರೆದಿದ್ದು ನಾನೇ, ದೊಡ್ಡಮ್ಮ."

"ಗೊತ್ತು ಕಣೋ, ಮ್ಯಾನೇಜರು ಓದಿ ಹೇಳಿದ್ರು. ಎರಡು ದಿನ ಅತ್ತೆ. ಮೂರನೇ ದಿನ ನಿನ್ನ ಕಾಲಿಗೆ ಪ್ಲಾಸ್ಟರ್ ಹಾಕಿರೋದು ಪೇಪರಲ್ಲಿ ಬಂತು. ಅವತ್ತು ಹೊಟ್ಟೆ ತುಂಬ ಊಟ ಮಾಡ್ದೆ."

"ಎಂಟು ವರ್ಷದ ಆಟ ನೀವು ಕೊಟ್ಟಿದ್ದು." ಅವನು ಅತ್ತುಬಿಟ್ಟ. ದೊಡ್ಡಮ್ಮ ಬೆನ್ನು ಸವರಿದರು. ಆ ಕೆಲಸ ಹೋದ ಮೇಲೆ ಒಂದು ಹಾಸ್ಟೆಲಿನಲ್ಲಿ ಬಟ್ಟೆ ಇಸ್ತ್ರಿ ಮಾಡಿದೆ, ಅಲ್ಲಿ ಯಾರೂ ಸೂಜಿ ಚುಚ್ಚಿಸಿಕೊಂಡು ಓಡುತ್ತಿರಲಿಲ್ಲ ಎಂದು ನಕ್ಕರು. ನಿಮಗೆ ನನ್ನ ನೋವು ಹೇಗೆ ತಿಳಿಯಿತು ಎಂದು ಅವನು ಕೇಳಿದ.

"ಮೈದಾನದ ಮೆಟ್ಟಿಲಲ್ಲಿ. ಯಾರೂ ಇಲ್ಲ ಅಂದ್ಕೊಂಡು ನೀನು ಕಂಬಿ ಹಿಡಿದು ಅಡ್ಡಡ್ಡ ಇಳೀತಿದ್ದೆ. ಎಲ್ಲಿ, ಈಗೊಂದ್ಸಲ ಇಳಿದು ತೋರಿಸು."

ಚಿಗರೆ ಕಣ್ಣೊರೆಸಿಕೊಂಡು ಹೊರಗೆ ಬಂದ. ಕಂಬಿ ಮುಟ್ಟದೆ, ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲಿಡುತ್ತ ನಾಲ್ಕು ಮಹಡಿಯನ್ನೂ ನೇರ ಇಳಿದ. ಕೆಳಗೆ ನಿಂತು ತಲೆಯೆತ್ತಿದರೆ, ದೊಡ್ಡಮ್ಮ ಕಂಬಿಯ ಮೇಲೆ ಬಾಗಿ ಇನ್ನೂ ಅವನ ಕಾಲನ್ನೇ ನೋಡುತ್ತಿದ್ದರು.

"ಸಾಕು, ಹತ್ತಿ ಬಾ," ಎಂದರು. "ತಟ್ಟೆ ಹಾಕ್ತೀನಿ."